ಎರಡು ಚಕ್ರ, ನಾಲ್ಕು ಕಾಲು: ರಾಜಮಾಚಿಯಲ್ಲಿ ಎರಡು ದಿನ

ನಾನು ಪುಣೆಗೆ ಬಂದು ಎಂಟು ವರ್ಷ ಆಯ್ತು. ಇಲ್ಲಿ ನನಗೆ ಬಹಳ ಇಷ್ಟದ ಕಾಲ ಅಂದ್ರೆ ದಸರಾ ಮುಗಿದು ದೀಪಾವಳಿ ಬರೋವರೆಗಿನ ಮೂರು ವಾರ. ಮಳೆ ನಿಂತಿರುತ್ತೆ, ಹಳ್ಳದಲ್ಲಿ ನೀರಿರುತ್ತೆ, ಸಹ್ಯಾದ್ರಿಯಲ್ಲಿ ಅಲ್ಲಲ್ಲಿ ಹಳದಿ ಸೋನ್ಕಿ ಹೂವು ಉಳಿದಿರುತ್ತೆ. ಆದ್ರೆ ಇಲ್ಲಿಯವರು ‘ಅಕ್ಟೋಬರ್ ಹೀಟ್’ ಅಂತಾರಲ್ಲ, ಆ ಬಿಸಿಲೂ ಇದೇ ಹೊತ್ತಿಗೆ ಶುರು. ನಾವು ಟೋಪಿ ಹಾಕ್ಕೊಂಡು ಸುಧಾರಿಸ್ಕೊಳ್ತೀವಿ. ನಾಯಿ?

ನಮ್ಮ ಕೆಂಪಿ ಬೀದಿ ನಾಯಿ, ಒಂಬತ್ತು ವರ್ಷ. ಮನೆಯಲ್ಲಿ ಕನ್ನಡ, ಕೆಲಸದ ಮಾವಶಿ ಹತ್ತಿರ ಮರಾಠಿ, ಎರಡೂ ಅರ್ಥ ಆಗುತ್ತೆ. ಹಿಂದಿನ ಕಾಲಿನ ಕೀಲು ಸವೀತಾ ಇದೆ, ನಡೆಸಿ ಆದ್ರೆ ಓಡಿಸಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಸೈಕಲ್ ಪಕ್ಕದಲ್ಲಿ ನಾಯಿ ಓಡೋ ವಿಡಿಯೋಗಳು ನೋಡೋಕೆ ಚಂದ. ಆದ್ರೆ ಅದು ನಿಲ್ಲಲ್ಲ, ನಮ್ಮನ್ನು ಬಿಡಬಾರದು ಅಂತ ಓಡ್ತಾನೇ ಇರುತ್ತೆ. ಹಾಗಾಗಿ ಶನಿವಾರ ಸೈಕಲ್ ನನ್ನೊಬ್ಬನದು, ಭಾನುವಾರದ ನಡಿಗೆ ಅವಳದು ಅಂತ ಹೆಂಡತಿಯೂ ನಾನೂ ಮೊದಲೇ ಮಾತಾಡ್ಕೊಂಡಿದ್ವಿ.

ಲೋಣಾವಳದ ತುಂಗಾರ್ಲಿಯಿಂದ ರಾಜಮಾಚಿಯ ಬುಡದ ಉಧೇವಾಡಿ ಹಳ್ಳಿಗೆ ಸುಮಾರು 15 ಕಿ.ಮೀ. ಬಹುಪಾಲು ಕಚ್ಚಾ ದಾರಿ. ಮಳೆಗೆ ಮಣ್ಣು ಕೊಚ್ಚಿಹೋಗಿ ಬಸಾಲ್ಟ್ ಕಲ್ಲು ಸಡಿಲವಾಗಿ ಎದ್ದು ಕೂತಿರುತ್ತೆ. ಟೈರಿನ ಗಾಳಿ ಸ್ವಲ್ಪ ಇಳಿಸಿದೆ. ಇಳಿಜಾರಲ್ಲಿ ಸೀಟು ತಗ್ಗಿಸಿ, ಮೈ ಹಿಂದಕ್ಕೆ ಹಾಕಿ, ಮುಂದಿನ ಬ್ರೇಕನ್ನು ಒಂದೇ ಬೆರಳಲ್ಲಿ ಹಿಡಿದೆ. ಹಳ್ಳ ಬಂದಲ್ಲಿ ಇಳಿದು ತಳ್ಳಿದೆ. ಅದರಲ್ಲಿ ಮರ್ಯಾದೆ ಹೋಗೋದು ಏನೂ ಇಲ್ಲ. ಹೆಂಡತಿ, ಕೆಂಪಿ ಜೀಪಲ್ಲಿ ಬಂದ್ರು.

ರಾತ್ರಿ ನಾವು ಉಳಿದಿದ್ದ ಮನೆಯ ಅಜ್ಜಿ ಒಂದೇ ಮಾತು ಹೇಳಿದ್ರು: ನಾಯಿ ಒಳಗೇ ಇರಲಿ, ಬಿಬಟ್ಯಾ ಬರ್ತಾನೆ. ಬಿಬಟ್ಯಾ ಅಂದ್ರೆ ಚಿರತೆ. ಹಳ್ಳಿ ಅಂಚಿಗೆ ಅದು ಬರೋದೇ ಹೆಚ್ಚಾಗಿ ನಾಯಿ, ಮೇಕೆಗೋಸ್ಕರ. ಟೆಂಟ್ ಹಾಕಿ ನಾಯೀನ ಹೊರಗೆ ಕಟ್ಟೋರು ಇದನ್ನ ಸ್ವಲ್ಪ ಯೋಚಿಸಬೇಕು. ಕೆಂಪಿ ಒಲೆ ಪಕ್ಕದಲ್ಲಿ ಮಲಗಿದಳು.

ಭಾನುವಾರ ಬೆಳಕು ಹರಿಯುವಾಗಲೇ ಹೊರಟ್ವಿ. ರಾಜಮಾಚಿಯಲ್ಲಿ ಎರಡು ಕೋಟೆ, ಶ್ರೀವರ್ಧನ ಮತ್ತು ಮನರಂಜನ. ನಡುವಿನ ತಗ್ಗಿನಲ್ಲಿ ಭೈರವನಾಥನ ಗುಡಿ. ಎತ್ತರದ್ದು ಶ್ರೀವರ್ಧನ, ನಾವು ಹಿಡಿದಿದ್ದೂ ಅದನ್ನೇ. ಗುಡಿ ದಾಟಿ ಸ್ವಲ್ಪ ಹತ್ತುವಷ್ಟರಲ್ಲಿ ಕೆಂಪಿ ನೆರಳು ಹುಡುಕಿ ಕೂತುಬಿಟ್ಟಳು. ನಾಲಿಗೆ ಅಗಲವಾಗಿ ಹೊರಗೆ, ಏದುಸಿರು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ಏದುಸಿರಲ್ಲೇ ಮೈ ತಣ್ಣಗೆ ಮಾಡ್ಕೊಳ್ಳಬೇಕು. ನೀರು ಕುಡಿಸಿ, ಹೊಟ್ಟೆಗೂ ಪಾದಕ್ಕೂ ನೀರು ಹಾಕಿದ್ವಿ. ಹತ್ತು ನಿಮಿಷದಲ್ಲಿ ಉಸಿರು ತಹಬಂದಿಗೆ ಬಂತು, ಬಾಲವೂ ಆಡಿತು. ಆದ್ರೂ ಏಳಲಿಲ್ಲ.

ತುದಿಗೆ ಇನ್ನು ಹೆಚ್ಚು ದೂರ ಇರಲಿಲ್ಲ. ಎತ್ಕೊಂಡು ಹೋಗೋಣ ಅಂದೆ. “ಅವಳಿಗೆ ಕೋಟೆ ನೋಡಿ ಏನಾಗಬೇಕ್ರೀ?” ಅಂದಳು ನನ್ನ ಹೆಂಡತಿ. ಒಬ್ಬೊಬ್ಬರೇ ಹೋಗಿ ಬರೋಣ ಅಂತಾಯ್ತು. ಅವಳು ಹೋಗಿ ಉಲ್ಹಾಸ್ ನದಿಯ ಕಣಿವೆ ನೋಡಿ ಬಂದಳು. ನನ್ನ ಸರದಿ ಬಂದಾಗ ಕೆಂಪಿ ನನ್ನ ಶೂ ಮೇಲೆ ಗದ್ದ ಇಟ್ಟು ಮಲಗಿದ್ದಳು. ನಾನು ಹೋಗಲಿಲ್ಲ.

ಇನ್ನೊಂದು ವಿಷಯ, ಉಣುಗು. ನಾನು ಶಿವಮೊಗ್ಗ ಜಿಲ್ಲೆಯವನು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಹಾಗಾಗಿ ಉಣುಗು ಅಂದ್ರೆ ನಮ್ಮ ಮನೇಲಿ ತಮಾಷೆ ಅಲ್ಲ. ನಾಯಿಗಳಿಗೆ ಅದರಿಂದ ಬರೋ ಜ್ವರ ಬೇರೆ, ಅದೂ ಜೀವಕ್ಕೆ ಅಪಾಯವೇ. ಮನೆಗೆ ಬಂದ ತಕ್ಷಣ ಕಿವಿ, ಕಂಕುಳು, ಬೆರಳ ಸಂದಿ ಎಲ್ಲ ನೋಡಿ. ಕೆಂಪಿಗೆ ಮೂರು ಸಿಕ್ಕವು. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆಯಬೇಕು. ಆಮೇಲೆ ಎರಡು-ಮೂರು ವಾರ ಊಟ ಬಿಟ್ರೆ, ಮೈ ಬಿಸಿ ಅನ್ನಿಸಿದ್ರೆ, ರಕ್ತ ಪರೀಕ್ಷೆ ಮಾಡಿಸಿ. ಟ್ರೆಕ್ಕಿಗೆ ಹೋಗಿದ್ವಿ ಅಂತ ಡಾಕ್ಟರಿಗೆ ನೀವಾಗೇ ಹೇಳಿ.