ಬ್ರೇಕಿನೊಳಗಿನ ಗಾಳಿ



ಕಾರಿನ ಬ್ರೇಕ್ ಪೆಡಲು ಸ್ಪಂಜಿನಂತೆ ಮೆತ್ತಗೆ ಕುಸಿದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ದ್ರವ ಹೆಚ್ಚುಕಡಿಮೆ ಕುಗ್ಗುವುದಿಲ್ಲ. ಪಾಸ್ಕಲನ ನಿಯಮದಂತೆ ಒತ್ತಡವನ್ನು ಚಕ್ರದವರೆಗೆ ಮುಟ್ಟಿಸುತ್ತದೆ. ಗಾಳಿ ಕುಗ್ಗಿಬಿಡುತ್ತದೆ. ಕಾಲಿನ ಶ್ರಮವೆಲ್ಲ ಗುಳ್ಳೆಯನ್ನು ಅದುಮುವುದಕ್ಕೇ ಸರಿಹೋಗುತ್ತದೆ.

ಗ್ಯಾರೇಜಿನಲ್ಲಿ ಒಬ್ಬರು ಪೆಡಲು ತುಳಿಯಲು, ಇನ್ನೊಬ್ಬರು ಚಕ್ರದ ಬಳಿ ಕುಳಿತು 'ಏರ್ ತೆಗೆಯುವುದನ್ನು' ನೀವು ನೋಡಿರಬಹುದು. ಕೈಯಿಂದ ಒತ್ತುವ ನಿರ್ವಾತ ಪಂಪಿದ್ದರೆ ಒಬ್ಬರೇ ಸಾಕು. ಬ್ಲೀಡರ್ ನಿಪ್ಪಲಿಗೆ ನಳಿಕೆ ಸಿಕ್ಕಿಸಿ, ನಡುವೆ ಸೀಸೆಯನ್ನಿಟ್ಟು, ಪಂಪಿನ ಹಿಡಿಯನ್ನು ಹಲವು ಬಾರಿ ಒತ್ತಿ, ನಿಪ್ಪಲನ್ನು ತುಸುವೇ ಸಡಿಲಿಸಬೇಕು. ನಿರ್ವಾತ ಪೂರ್ತಿ ಇಳಿಯುವ ಮುನ್ನ ಬಿಗಿಯಬೇಕು. ಪಂಪು ಆಯಿಲನ್ನು ಎಳೆಯಿತು ಎನ್ನುತ್ತೇವೆ. ವಾಸ್ತವವಾಗಿ ತಳ್ಳುವುದು ಮಾಸ್ಟರ್ ಸಿಲಿಂಡರಿನ ಡಬ್ಬಿಯಲ್ಲಿರುವ ಆಯಿಲಿನ ಮೇಲಿನ ವಾಯುಭಾರ! ಆದ್ದರಿಂದ ಮುಚ್ಚಳ ಸಡಿಲವಾಗಿರಲಿ. ಡಬ್ಬಿಯ ತಳ ಕಂಡಿತೋ, ಹೊಸ ಗಾಳಿ ಒಳನುಗ್ಗಿ ಕೆಲಸವೆಲ್ಲ ಮೊದಲಿನಿಂದ.

ಇಲ್ಲೊಂದು ಮೋಸವಿದೆ. ಸಡಿಲಿಸಿದ ನಿಪ್ಪಲಿನ ತಿರುಪಿನ ಸಂದಿಯಿಂದಲೂ ಹೊರಗಿನ ಗಾಳಿ ನಳಿಕೆಗೆ ನುಸುಳುತ್ತದೆ. ಗುಳ್ಳೆ ನಿಲ್ಲಲಿಲ್ಲವೆಂದು ಹೊಸಬರು ಡಬ್ಬಿಗಟ್ಟಲೆ ಆಯಿಲ್ ಹರಿಸುವುದುಂಟು. ಸೀಸೆಯ ಗುಳ್ಳೆಗಿಂತ ಪೆಡಲನ್ನು ನಂಬಿ: ನಾಲ್ಕೂ ಚಕ್ರ ಮುಗಿದ ಮೇಲೆ ಅದು ಗಟ್ಟಿಯಾಗದಿದ್ದರೆ ವಾಹನ ರಸ್ತೆಗಿಳಿಯಕೂಡದು.

ತೆಗೆದ ಆಯಿಲನ್ನು ಮತ್ತೆ ಸುರಿಯಬೇಡಿ. ಹೆಸರು ಆಯಿಲಾದರೂ ಇದು ಎಣ್ಣೆಯ ಜಾತಿಯದಲ್ಲ. ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ್ದಕ್ಕೆ ಈ ಮಿತಿ 140 ಮಾತ್ರ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕಾದು ಅದು ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಪೆಡಲು ಮತ್ತೆ ಸ್ಪಂಜಾಗುತ್ತದೆ.