‘ಅರ್ಜೆಂಟ್’ ಅನ್ನುವ ಮುಂಚೆ ಒಂದು ನಿಮಿಷ



ಇವತ್ತು ಬೆಳಗ್ಗೆ ಎದ್ದಾಗಿನಿಂದ ‘ಅರ್ಜೆಂಟ್’ ಎಂಬ ಮಾತನ್ನು ಎಷ್ಟು ಸಲ ಆಡಿದಿರಿ? ಲೆಕ್ಕ ಇಟ್ಟಿಲ್ಲ, ಅಲ್ಲವೇ? “ಅರ್ಜೆಂಟಲ್ಲಿದೀನಿ ಗುರು, ಆಮೇಲೆ ಸಿಗ್ತೀನಿ.” “ಅರ್ಜೆಂಟಿಗೆ ಐನೂರು ಇದ್ರೆ ಕೊಡೋ.” “ಅರ್ಜೆಂಟ್ ಮಾಡ್ಬೇಡಮ್ಮ, ಬಂದೆ.” ಒಂದಕ್ಕೆ ಹೋಗಬೇಕಾದರೂ ಅದೇ ಅರ್ಜೆಂಟು!

ಇಂಗ್ಲಿಷಿನಲ್ಲಿ ಇದು ಗುಣವಾಚಕ. ಒತ್ತು, ದೂಡು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ್ದು. ಅಲ್ಲಿ ಕೆಲಸ ಅರ್ಜೆಂಟ್ ಆಗಬಹುದು, ಪತ್ರ ಅರ್ಜೆಂಟ್ ಆಗಬಹುದು. ಆದರೆ ಯಾವ ಇಂಗ್ಲಿಷಿನವನೂ ‘ನಾನು ಅರ್ಜೆಂಟಲ್ಲಿದ್ದೇನೆ’ ಎನ್ನುವುದಿಲ್ಲ. ಅದಕ್ಕೆ ಅವನ ಹತ್ತಿರ ‘ಹರ್ರಿ’ ಎಂಬ ಬೇರೆ ಮಾತಿದೆ. ಅಂದರೆ ಅವನೂ ಕೆಲಸದ ಒತ್ತಡವನ್ನೂ ಮನುಷ್ಯನ ಅವಸರವನ್ನೂ ಬೇರೆ ಬೇರೆ ಇಟ್ಟಿದ್ದಾನೆ. ನಾವು ಎರಡನ್ನೂ ಕಲಸಿ ಒಂದೇ ಮುದ್ದೆ ಕಟ್ಟಿದ್ದೇವೆ. ಇಂಗ್ಲಿಷಿಗೂ ನ್ಯಾಯ ಇಲ್ಲ, ಕನ್ನಡಕ್ಕೂ ಇಲ್ಲ.

ತಪ್ಪು ತಿಳಿಯಬೇಡಿ. ಹೊರಗಿನ ಪದ ಬಂತೆಂದು ಎದೆ ಬಡಿದುಕೊಳ್ಳುವವನು ನಾನಲ್ಲ. ಬಸ್ಸು, ರೈಲು, ಪೆನ್ನು ಬಂದ ಹಾಗೆ ಇದೂ ಬಂದಿದೆ, ಬಾಲಕ್ಕೊಂದು ಉಕಾರ ಅಂಟಿಸಿಕೊಂಡು ‘ಅರ್ಜೆಂಟು’ ಆಗಿದೆ. ನಮ್ಮ ಕಚೇರಿಗಳ ‘ಜರೂರು’ ಎಲ್ಲಿಂದ ಬಂತು? ಅರಬ್ಬಿಯಿಂದ, ಪಾರಸಿ ದಾಟಿ. ನನ್ನ ತಕರಾರು ಬೇರೆ. ಹಬ್ಬದ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಒಬ್ಬನೇ ಹತ್ತು ಸೀಟು ಹಿಡಿದರೆ ಸುಮ್ಮನಿರುತ್ತೀರಾ? ಅರ್ಜೆಂಟು ಮಾಡಿರುವುದು ಅದನ್ನೇ.

ಎದ್ದು ನಿಂತಿರುವ ಆ ಹತ್ತು ಜನ ಯಾರು ನೋಡಿ.

‘ತುರ್ತು’ ಕೆಲಸಕ್ಕೆ ಸೇರಿದ್ದು. ಗಡಿಯಾರ ಓಡುತ್ತಿದೆ, ತಡವಾದರೆ ಅನಾಹುತ. ಆಸ್ಪತ್ರೆಯ ತುರ್ತು ಚಿಕಿತ್ಸೆ, ಬಸ್ಸಿನ ತುರ್ತು ನಿರ್ಗಮನ. ‘ಜರೂರು’ ಹಾಗಲ್ಲ. ಅದರಲ್ಲಿ ಗಡಿಯಾರಕ್ಕಿಂತ ಕಡ್ಡಾಯ ಹೆಚ್ಚು. ಮುಂದಿನ ತಿಂಗಳ ಮದುವೆಗೆ “ಜರೂರು ಬನ್ನಿ” ಎನ್ನುತ್ತೇವೆ. ಅದೇ ಬಾಯಲ್ಲಿ “ಅರ್ಜೆಂಟಾಗಿ ಬನ್ನಿ” ಎಂದು ನೋಡಿ, ಬಂದವರು ಹೆಣ್ಣು ಓಡಿಹೋದಳೇನೋ ಎಂದು ಕೇಳುತ್ತಾರೆ!

‘ಅವಸರ’ದ ಕಥೆ ಇನ್ನೂ ಸೊಗಸು. ಸಂಸ್ಕೃತದಲ್ಲಿ ಅದಕ್ಕೆ ಸಂದರ್ಭ, ಅವಕಾಶ ಎಂಬ ಅರ್ಥ. ಹಿಂದಿಯವರಿಗೆ ಇಂದಿಗೂ ಹಾಗೆಯೇ. ತೆಲುಗರಿಗೆ ಅದು ಅಗತ್ಯ. ತಮಿಳರು ಆಂಬುಲೆನ್ಸಿನ ಮೇಲೆ ಬರೆಯುವುದು ‘ಅವಸರ ಊರ್ದಿ’. ನಮ್ಮಲ್ಲಿ ಅದು ಮನುಷ್ಯನಿಗೆ ಅಂಟಿಕೊಂಡಿತು: ಕೆಲಸ ತುರ್ತು, ಮನುಷ್ಯ ಅವಸರದಲ್ಲಿ. ರಸ್ತೆ ಬದಿಯಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ಬರೆದವನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಅಲ್ಲಿ ‘ತುರ್ತೇ ಅಪಘಾತಕ್ಕೆ ಕಾರಣ’ ಎಂದರೆ ಅರ್ಥವೇ ಕೆಡುತ್ತದೆ.

‘ಆತುರ’ ಮನಸ್ಸಿನೊಳಗಿನದು. ಸಂಸ್ಕೃತದಲ್ಲಿ ಆತುರ ಎಂದರೆ ರೋಗಿಯೂ ಹೌದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ‘ಗಡಿಬಿಡಿ’ ಕೈಕಾಲಿನದು, ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿ ಹೊರಟವನದು. ‘ಲಗುಬಗೆ’ ಹೊಗಳಿಕೆ: ಬೇಗವೂ ಇದೆ, ಅಚ್ಚುಕಟ್ಟೂ ಇದೆ. ‘ಧಾವಂತ’ ನಮ್ಮ ಬೆಂಗಳೂರಿನ ಕಾಯಿಲೆ, ಅದಕ್ಕೆ ಕಾರಣವೇ ಬೇಕಾಗಿಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ “ಬಿರ್ರನೆ ಬಾ”, ಧಾರವಾಡದ ಕಡೆ “ಲಗೂ ಬಾ”, “ದೌಡ ಬಾ”. ಇನ್ನು ‘ಶೀಘ್ರದಲ್ಲೇ’ ಎಂಬುದನ್ನು ಯಾರೂ ನಂಬುವುದಿಲ್ಲ. ಆ ಬೋರ್ಡು ಮೂರು ಮಳೆಗಾಲ ಕಂಡಿರುತ್ತದೆ.

ಉಳಿದದ್ದು ‘ತರಾತುರಿ’. ಇದರ ಹತ್ತಿರ ಸ್ವಲ್ಪ ನಿಲ್ಲೋಣ. ಸರ್ಕಾರ ‘ತುರ್ತು ಸಭೆ’ ಕರೆಯಿತು ಎಂದು ಪತ್ರಿಕೆ ಬರೆದರೆ ವಿಷಯ ದೊಡ್ಡದು ಎಂದರ್ಥ. ‘ತರಾತುರಿಯಲ್ಲಿ ಸಭೆ’ ಕರೆಯಿತು ಎಂದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದರ್ಥ. ಸಭೆ ಒಂದೇ, ಕುರ್ಚಿ ಅದೇ, ಬಿಸ್ಕತ್ತೂ ಅದೇ. ಪದ ಮಾತ್ರ ಬೇರೆ, ತೀರ್ಪೇ ಬೇರೆ. ‘ಅರ್ಜೆಂಟ್ ಮೀಟಿಂಗ್’ ಎಂದುಬಿಟ್ಟರೆ? ಹೊಗಳಿಕೆಯೂ ಇಲ್ಲ, ಆರೋಪವೂ ಇಲ್ಲ. ಕರೆದವನು ಪಾರು!

1975ರ ಜೂನ್ 25ರ ರಾತ್ರಿ ದೇಶದ ಮೇಲೆ ಹೇರಿದ್ದನ್ನು ಕನ್ನಡದಲ್ಲಿ ‘ತುರ್ತು ಪರಿಸ್ಥಿತಿ’ ಎಂದೇ ಕರೆದೆವು. ಅದು ಮುಗಿದದ್ದು 1977ರ ಮಾರ್ಚ್ 21ಕ್ಕೆ, 21 ತಿಂಗಳ ನಂತರ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ 1977ರ ಜನವರಿಯಲ್ಲಿ ತೀರಿಕೊಂಡರು. ತುರ್ತು ದೇಶದ್ದಾಗಿತ್ತೇ? ಆತುರ ಗದ್ದುಗೆಯದಾಗಿತ್ತೇ? ಎರಡು ಪದ ಕೈಯಲ್ಲಿದ್ದವನು ಮಾತ್ರ ಈ ಪ್ರಶ್ನೆ ಕೇಳಬಲ್ಲ.

ಹಳೆಯ ಮಾತು ಎನ್ನುತ್ತೀರಾ? ಇವತ್ತಿನದಕ್ಕೆ ಬರೋಣ. ನಿಮ್ಮ ತಾಯಿಯ ಮೊಬೈಲಿಗೆ ಒಬ್ಬ ಕರೆ ಮಾಡುತ್ತಾನೆ. ಬ್ಯಾಂಕಿನವನೆಂದೋ ಪೊಲೀಸಿನವನೆಂದೋ ಹೇಳುತ್ತಾನೆ. “ಅರ್ಜೆಂಟ್ ಮೇಡಂ, ಈಗಲೇ ನಂಬರ್ ಹೇಳಿ, ಇಲ್ಲದಿದ್ದರೆ ಖಾತೆ ಬಂದ್.” ಈ ವಂಚನೆಯ ಬಂಡವಾಳವೇ ಆ ಒಂದು ಪದ. ಯೋಚಿಸಲು ಬಿಡಬಾರದು, ಮನೆಯವರನ್ನು ಕೇಳಲು ಬಿಡಬಾರದು. ನಿಮ್ಮ ತಾಯಿಗೆ ಇಷ್ಟು ಹೇಳಿಕೊಡಿ: “ಅಮ್ಮಾ, ಇದು ನಿನ್ನ ತುರ್ತಲ್ಲ, ಅವನ ಆತುರ. ಫೋನ್ ಇಡು.” ದುಡ್ಡು ಹೋಗಿಯೇಬಿಟ್ಟಿದ್ದರೆ ಆಗ ನಿಜವಾದ ತುರ್ತು. ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಅಷ್ಟು ಹೆಚ್ಚು.

ರಕ್ತ ಬೇಕೆಂಬ ಸಂದೇಶಗಳನ್ನೂ ನೋಡಿ. ‘ಅರ್ಜೆಂಟ್, ಅರ್ಜೆಂಟ್’ ಎಂದು ಮೂರು ಸಲ ಇರುತ್ತದೆ. ಯಾವ ದಿನ? ಯಾವ ಆಸ್ಪತ್ರೆ? ಇರುವುದಿಲ್ಲ. ಅದು ತಿಂಗಳುಗಟ್ಟಲೆ ಗುಂಪಿನಿಂದ ಗುಂಪಿಗೆ ಸುತ್ತುತ್ತದೆ. ಕೊನೆಗೆ ನಿಜಕ್ಕೂ ರಕ್ತ ಬೇಕಾದವನ ಕೂಗನ್ನು ಯಾರೂ ಓದುವುದಿಲ್ಲ. ಕನ್ನಡದಲ್ಲಿ ಹೀಗೆ ಬರೆಯಿರಿ: ‘ತುರ್ತು. ಇಂಥ ತಾರೀಖು ಸಂಜೆ 5ರೊಳಗೆ, ಇಂಥ ಆಸ್ಪತ್ರೆಗೆ, ಇಂಥ ಗುಂಪಿನ ರಕ್ತ ಬೇಕು.’ ಸಿಕ್ಕಿದ ಮೇಲೆ ‘ಸಿಕ್ಕಿತು’ ಎಂದೂ ತಿಳಿಸಿ.

ನನ್ನ ಪಟ್ಟಿ ಇಲ್ಲಿಗೆ ಪೂರ್ತಿಯಾಗಿಲ್ಲ. ಬೀದರಿನವರು ಇದ್ದೀರಿ, ಕುಂದಾಪುರದವರು ಇದ್ದೀರಿ, ಕೋಲಾರದ ತೆಲುಗು ಗಾಳಿಯಲ್ಲಿ ಬೆಳೆದವರೂ ಇದ್ದೀರಿ. ನಿಮ್ಮಜ್ಜಿ ಹೊಲದಿಂದ ನಿಮ್ಮನ್ನು ಬೇಗ ಬಾ ಎಂದು ಕೂಗುವಾಗ ಯಾವ ಮಾತು ಬಳಸುತ್ತಿದ್ದರು? ಹೇಳಿ, ಬರೆದುಕೊಳ್ಳುತ್ತೇನೆ. ಹಿಂದಿನ ಸಾಲಿನಿಂದಲೇ ಶುರುವಾಗಲಿ.