ಉತಾರದಾಗ ಇಲ್ಲದ ಹೆಸರು

(ಸಂಕೇಶ್ವರ ಭಾಗದ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ರೈತ ಬಾಂಧವರೇ, ಹಿಂದಿನ ಸಾಲಿನಲ್ಲಿ ಕೂತಿರುವ ತಾಯಂದಿರೇ, ಅಕ್ಕತಂಗಿಯರೇ,

ಹಿಂದಿನ ಸಾಲು ಅಂತ ಬೇಕಂತಲೇ ಹೇಳಿದೆ. ಮುಂದಿನ ಸಭೆಗಾದರೂ ಅರ್ಧ ಜಾಗ ಮುಂದೆ ಬಿಡ್ರಿ.

ಬೆಲೆಯ ಮಾತು ನಮಗೆ ಹೊಸದಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರಸ್ತೆ ಮೇಲೆ ಕೂತರು. ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಉಳಿದ ಇನ್ನೂರರ ಜಗಳ ಇದ್ದೇ ಇದೆ, ಅದನ್ನು ಇವತ್ತು ಬಿಡೋಣ. ಆ ಟನ್ ಕಬ್ಬಿನಲ್ಲಿ ನಿಮ್ಮ ಮನೆಯ ಹೆಣ್ಣುಮಗಳ ದುಡಿಮೆ ಎಷ್ಟು? ಬೀಜ ಹಾಕುವಾಗ ಆಕೆ, ಕಳೆ ತೆಗೆಯುವಾಗ ಆಕೆ, ಆಳುಗಳಿಗೆ ಬುತ್ತಿ ಹೊತ್ತು ಹೋಗುವಾಗ ಆಕೆ, ಸಂಜೆ ಮನೆಗೆ ಬಂದು ಎಮ್ಮೆ ಹಿಂಡುವಾಗಲೂ ಆಕೆ. ಬೆಂಬಲ ಬೆಲೆ ಕಟ್ಟುವಾಗ ಮನೆಯವರ ದುಡಿಮೆಯನ್ನೂ ಖರ್ಚಿಗೆ ಹಿಡಿಯಬೇಕು ಅಂತ ನಾವೇ ದಿಲ್ಲಿಯವರಿಗೆ ಹೇಳುತ್ತೇವೆ. ಬೆಲೆ ಆಯೋಗ 'ಎ2' ಜೊತೆಗೆ 'ಎಫ್‌ಎಲ್' ಅಂತ ಅದನ್ನು ಹಿಡಿಯುತ್ತದೆ ಕೂಡ. ದಿಲ್ಲಿಯ ಲೆಕ್ಕದಲ್ಲಿ ಬಂದ ಆಕೆ ನಮ್ಮ ಮನೆಯ ಲೆಕ್ಕದ ವಹಿಯಲ್ಲಿ ಯಾಕೆ ಬರಲಿಲ್ಲ?

ಉತಾರ ತೆಗೆದು ನೋಡ್ರಿ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳ ಪೈಕಿ ಹೆಣ್ಣುಮಕ್ಕಳು ನಡೆಸುವಂಥವು ನೂರಕ್ಕೆ ಸುಮಾರು 14 ಮಾತ್ರ. ಉತಾರದಾಗ ಹೆಸರಿಲ್ಲದಿದ್ದರೆ ಪಿಕೆಪಿಎಸ್‌ನಲ್ಲಿ ಬೆಳೆಸಾಲ ಹುಟ್ಟುವುದಿಲ್ಲ, ಬೆಳೆ ಹಾನಿ ಪರಿಹಾರ ಆಕೆಯ ಖಾತೆಗೆ ಬರುವುದಿಲ್ಲ. ಹೊಲದಲ್ಲಿ ದುಡಿದರೂ ಸರ್ಕಾರದ ಕಣ್ಣಿಗೆ ಆಕೆ ರೈತಳೇ ಅಲ್ಲ.

ಆದರೆ ಒಂದು ಪುಸ್ತಕದಾಗ ಮಾತ್ರ ಆಕೆಯ ಹೆಸರು ತಪ್ಪದೇ ಇರುತ್ತದೆ. ಅದು ಫೈನಾನ್ಸ್‌ನವರ ವಾರದ ಕಂತಿನ ಪುಸ್ತಕ. ಹೆಣ್ಣುಮಗಳ ಹೆಸರಿನಲ್ಲಿ ಸಾಲ ಎತ್ತುತ್ತಾರೆ. ಆ ರೊಕ್ಕ ಬೋರ್‌ವೆಲ್ಲಿಗೆ ಹೋಯಿತೋ, ಮದುವೆಗೆ ಹೋಯಿತೋ, ಬೇರೆ ಸಾಲದ ಬಡ್ಡಿಗೆ ಹೋಯಿತೋ, ಆಕೆಯನ್ನು ಕೇಳಿದವರಿಲ್ಲ. ಕಂತು ತಪ್ಪಿದ ದಿನ ಬಾಗಿಲಲ್ಲಿ ನಿಂತು ಮಾತು ಕೇಳಬೇಕಾದವಳು ಮಾತ್ರ ಆಕೆ. ಈ ಕಿರುಕುಳಕ್ಕೆ ಜನ ಊರು ಬಿಟ್ಟರು, ಜೀವ ಬಿಟ್ಟರು. ಅದರ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಬರೆಯಿತು. ರಿಸರ್ವ್ ಬ್ಯಾಂಕಿನ 2022ರ ನಿಯಮವೂ ಇದೆ: ಕಂತುಗಳೆಲ್ಲ ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಹೆಣ್ಣುಮಕ್ಕಳು ಈ ಎರಡು ಮಾತು ತಿಳಿದುಕೊಂಡಿರಬೇಕು. ಗಂಡಸರು ಇನ್ನೊಂದು ಮಾತು ತಿಳಿದುಕೊಳ್ಳಬೇಕು: ನಿಮ್ಮ ಸಾಲ ಎಷ್ಟು, ಯಾರಲ್ಲಿ, ಎಂಥ ಬಡ್ಡಿಗೆ ಅಂತ ಇವತ್ತು ರಾತ್ರಿ ಹೆಂಡತಿಗೆ ಹೇಳ್ರಿ. ಗಂಡ ತೀರಿಹೋಗಿ ಹದಿಮೂರನೆಯ ದಿನ ಸಾಲಗಾರರು ಬಂದಾಗ ಲೆಕ್ಕ ಗೊತ್ತಾಗುವ ಮನೆಗಳು ನಮ್ಮ ಸುತ್ತ ಕಡಿಮೆ ಇಲ್ಲ.

ಆಸ್ತಿಯ ಮಾತಿಗೆ ಬಂದರೆ ನಿಮಗೆ ಸಿಟ್ಟು ಬರಬಹುದು. ಬರಲಿ. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಕಾನೂನು ಜಾರಿಗೆ ಬಂತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕು ಅಂತ ಇಲ್ಲ ಅಂತ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟ್ನಿಗಳಿಗೆ ಮಾತ್ರ ಇದು ತಾಗುವುದಿಲ್ಲ. ಈಗ ಊರೂರಲ್ಲಿ ನಡೆಯುವುದೇನು? ಹಬ್ಬಕ್ಕೆ ತಂಗಿಯನ್ನು ಕರೆದು, ಸೀರೆ ಉಡಿಸಿ, ಹೋಳಿಗೆ ಉಣಿಸಿ, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು! ತುಂಡು ಹೊಲ ಇನ್ನಷ್ಟು ತುಂಡಾಗುತ್ತದೆ ಅನ್ನುವ ನಿಮ್ಮ ಚಿಂತೆ ಸುಳ್ಳಲ್ಲ. ಆದರೆ ಅಣ್ಣತಮ್ಮಂದಿರು ಪಾಲಾಗುವಾಗ ಆ ಚಿಂತೆ ಎಲ್ಲಿ ಹೋಗಿರುತ್ತದೆ? ಇನ್ನು ಹೆಂಡತಿಯ ಹೆಸರಿಗೆ ಒಂದೆರಡು ಎಕರೆ ಮಾಡಿಕೊಟ್ಟರೆ ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ, ಅಲ್ಲೇ ಇರುತ್ತದೆ.

"ಹೆಣ್ಮಕ್ಕಳಿಗೆ ವ್ಯವಹಾರ ಎಲ್ಲಿ ತಿಳಿತೈತ್ರಿ" ಅನ್ನುವವರು ದೂರ ಹೋಗುವುದು ಬೇಡ, ಘಟಪ್ರಭಾಕ್ಕೆ ಹೋಗಿ ಬರ್ರಿ. ದೇವದಾಸಿ ಪದ್ಧತಿಯನ್ನು 1982ರಲ್ಲೇ ಕಾಯ್ದೆ ನಿಷೇಧಿಸಿದರೂ ಪದ್ಧತಿ ಅಷ್ಟಕ್ಕೇ ಹೋಗಲಿಲ್ಲ. ಅದರಿಂದ ಬಿಡಿಸಿಕೊಂಡ ಹೆಣ್ಣುಮಕ್ಕಳು 1997ರಲ್ಲಿ ಅಲ್ಲಿ 'ಮಾಸ್' ಅಂತ, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ತಾವೇ ಕಟ್ಟಿ ತಾವೇ ನಡೆಸಿದರು. ಅದರ ಮುಂದಾಳು ಸೀತವ್ವ ಜೋಡಟ್ಟಿಯವರನ್ನು ಚಿಕ್ಕ ಹುಡುಗಿಯಿದ್ದಾಗಲೇ ಮುತ್ತು ಕಟ್ಟಿ ಬಿಟ್ಟಿದ್ದರು. 2018ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ತಗೊಂಡರು. ಆ ಹೆಣ್ಣುಮಕ್ಕಳಿಗೆ ಹೊಲ ಇರಲಿಲ್ಲ, ಬೆನ್ನಿಗೆ ಗಂಡನ ಮನೆ ಇರಲಿಲ್ಲ. ಸಂಘ ಕಟ್ಟಿ, ಉಳಿತಾಯ ಮಾಡಿ, ಸಾಲ ಕೊಟ್ಟು ವಸೂಲು ಮಾಡಿ ತೋರಿಸಿದರು. ಐದು ಎಕರೆ ನೀರಾವರಿ ಇರುವ ಮನೆಯ ಸೊಸೆಗೆ ಅದು ಬಾರದು ಅಂತ ಯಾವ ಬಾಯಿಂದ ಹೇಳುತ್ತೀರಿ?

ಒಂದು ಸಣ್ಣ ಲೆಕ್ಕ. ಇಪ್ಪತ್ತು ಮಂದಿಯ ಸಂಘ, ವಾರಕ್ಕೆ ತಲಾ 50 ರೂಪಾಯಿ. ವಾರಕ್ಕೆ ಸಾವಿರ, ವರ್ಷಕ್ಕೆ 52 ಸಾವಿರ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ಹೊರಗೆ ಕೈಗಡ ತಂದರೆ ವರ್ಷಕ್ಕೆ 36 ಬಡ್ಡಿ. ಸಂಘದಲ್ಲಿ ಒಂದು ರೂಪಾಯಿಗೆ ತಗೊಂಡರೆ 12, ಆ ಬಡ್ಡಿಯೂ ಸಂಘದಲ್ಲೇ ಉಳಿಯುತ್ತದೆ. ಇಂಥ ಸಂಘಗಳಿಗೆ ಬ್ಯಾಂಕು ಸಾಲ ಕೊಡುವ ಪದ್ಧತಿಯನ್ನು ನಬಾರ್ಡ್ 1992ರಲ್ಲಿ ಶುರು ಮಾಡಿತು. ಗೃಹಲಕ್ಷ್ಮಿಯ ಎರಡು ಸಾವಿರ ಬಂದಾಗ ಅದರಲ್ಲಿ ಇನ್ನೂರು ಸಂಘಕ್ಕೆ ಹಾಕಿದರೂ ಸಾಕು. ಗಂಡಸರು ಆ ರೊಕ್ಕದ ಮೇಲೆ ಕಣ್ಣು ಹಾಕಬಾರದು ಅಷ್ಟೆ.

ಇನ್ನು ಸಂಕೇಶ್ವರದ ಮೆಣಸಿನಕಾಯಿ. ನಮ್ಮೂರ ಹೆಸರು ಮುಂಬೈ, ಪುಣೆಯ ಕಿರಾಣಿ ಅಂಗಡಿಯವರೆಗೆ ಹೋಗಿದೆ. ನಾವು ಮಾತ್ರ ಚೀಲ ತುಂಬಿ ಅಡತಿ ಅಂಗಡಿಯಲ್ಲಿ ಇಳಿಸಿ, ಅವನು ಹೇಳಿದ ದರಕ್ಕೆ ತಲೆ ಆಡಿಸಿ ಬರುತ್ತೇವೆ. ಅದೇ ಕಾಯಿ ಕುಟ್ಟಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕಿ ಮಸಾಲಿ ಖಾರ ಮಾಡಿದರೆ ಅದರ ದರ ಹೇಳುವವರು ಮಾಡಿದವರೇ. ಆ ಹದ ಯಾವ ಅಡತಿಯವನಿಗೂ ಗೊತ್ತಿಲ್ಲ, ನಿಮ್ಮ ಅವ್ವನಿಗೆ ಗೊತ್ತು. 1959ರಲ್ಲಿ ಮುಂಬೈಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆ ಮೇಲೆ ಹಪ್ಪಳ ಲಟ್ಟಿಸಿದ್ದೇ ಮುಂದೆ ಲಿಜ್ಜತ್ ಆಯಿತು. ಆದರೆ ಖಾರ ಮಾಡಿದ ಕೂಡಲೇ ಲಾಭ ಬಂದು ಬೀಳುತ್ತದೆ ಅಂತ ನಾನು ಹೇಳಲಾರೆ. ತೂಕ ಸರಿ ಇರಬೇಕು, ಕಾಯಿ ಒಣಗಿರಬೇಕು, ಆಹಾರ ಇಲಾಖೆಯ ನೋಂದಣಿ ಬೇಕು, ಉದ್ರಿ ಕೊಟ್ಟರೆ ಮುಳುಗಿದಂತೆ. ಮೊದಲ ವರ್ಷ ಒಂದು ಕ್ವಿಂಟಲ್ ಕಾಯಿಗಿಂತ ಹೆಚ್ಚಿಗೆ ಕೈ ಹಾಕಬೇಡ್ರಿ.

ಹಾಲಿನ ಡೇರಿಯ ಮಾತೂ ಅಷ್ಟೇ. ಎಮ್ಮೆಯ ಸಗಣಿ ಬಳಿಯುವವಳು ಆಕೆ, ಡೇರಿಯ ಸದಸ್ಯ ನೀವು! ಸದಸ್ಯತ್ವ ಆಕೆಯ ಹೆಸರಿಗೆ ಮಾಡಿಸಿದರೆ ಹಾಲಿನ ಪಗಾರ ಆಕೆಯ ಖಾತೆಗೆ ಬೀಳುತ್ತದೆ, ಸಂಘದಲ್ಲಿ ಓಟೂ ಬರುತ್ತದೆ. ಆಯ್ಕೆಯಾದ ಮೇಲೆ ಆಕೆಯ ಕುರ್ಚಿಯಲ್ಲಿ ನೀವು ಹೋಗಿ ಕೂಡ್ರಬಾರದು. ಪಂಚಾಯ್ತಿಗಳಲ್ಲಿ 1987ರಿಂದ ಹೆಣ್ಣುಮಕ್ಕಳು ಮೀಸಲಿನಲ್ಲಿ ಗೆದ್ದು ಬರುತ್ತಿದ್ದಾರೆ, 'ಅಧ್ಯಕ್ಷೆಯ ಗಂಡ' ಅನ್ನುವ ಹುದ್ದೆ ಮಾತ್ರ ಇನ್ನೂ ಖಾಲಿಯಾಗಿಲ್ಲ.

ಪಿಕೆಪಿಎಸ್ ಮತ್ತು ಡೇರಿಯ ಸದಸ್ಯತ್ವದ ಅರ್ಜಿ ಬರೆಯಲು ಇಬ್ಬರು ಹುಡುಗಿಯರು ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದಾರೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ತಂದವರು ಈಗಲೇ ಬರೆಸಿರಿ. ಉತಾರ ತರದವರು ನಾಳೆ ತಲಾಠಿ ಕಚೇರಿಗೆ ಹೋಗಿ ಬರ್ರಿ, ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗ್ರಿ.